ಪ್ರೆಸ್ಸಿನವರ ಎರಡು ಮಿಸ್ಡ್ ಕಾಲ್

ದಾವಣಗೆರೆಯಿಂದ ಬರೆದವರೇ, ನಿಮ್ಮ ಪತ್ರ ಓದುತ್ತಾ ನನ್ನ ಟೀ ಆರಿಹೋಯಿತು.

ಕೆಲಸ ಬಿಟ್ಟು ಎಂಟು ತಿಂಗಳಿಂದ ಫ್ರೀಲಾನ್ಸ್ ಡಿಸೈನ್ ಮಾಡುತ್ತಿದ್ದೀರಿ. ಯಾರೂ ಕಂಡಿರದಂಥ ಲಗ್ನಪತ್ರಿಕೆ ಮಾಡಿಕೊಟ್ಟಿರಿ. 500 ಪ್ರತಿ ಅಚ್ಚಾಗಿ ಬಂದಾಗ ‘ಶ್ರೀ’ಯ ಒತ್ತು ಒಡೆದು ‘ಶ್‌ರೀ’ ಆಗಿತ್ತು. ಛತ್ರದ ಹೆಸರಿನ ಕೊನೆಯಕ್ಷರ ಕಟಿಂಗಿನಲ್ಲಿ ಹೋಗಿತ್ತು. ಹುಡುಗಿ ಮನೆಯವರು ದುಡ್ಡು ಕೊಡಲಿಲ್ಲ. “ಈ ಊರಿಗೆ ಕ್ರಿಯೇಟಿವಿಟಿ ಅರ್ಥ ಆಗಲ್ಲ, ಬೆಂಗಳೂರಿಗೆ ಹೋಗಲಾ?” ಅಂತ ಕೇಳಿದ್ದೀರಿ.

ಮೂರನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ ಒಂದು ಸಾಲಿದೆ. ಅಚ್ಚಿಗೆ ಮುಂಚೆ ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದ್ದರು, ನೀವು ಎತ್ತಲಿಲ್ಲ. ಸುಮ್ನೆ ಯಾಕೆ ಮಾಡುತ್ತಾರೆ? ಒಡೆದ ಒತ್ತು ಅವರ ಕಣ್ಣಿಗೆ ಬಿದ್ದಿರುತ್ತದೆ. ಫೋನ್ ಎತ್ತಿ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಓದುಗರಿಗೇ ಬೇಸರ ಬಂದಿರಬೇಕು.

ಮೊದಲ ಲಗ್ನಪತ್ರಿಕೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಡುತ್ತಾರೆ. ಅದರ ತಲೆಯ ಮೇಲೇ ‘ಶ್ರೀ’ ಒಡೆದಿದ್ದರೆ ಆ ಮನೆಯ ಅಜ್ಜಿಗೆ ಹೇಗಾಗಿರಬೇಡ? ನನ್ನ ಮರುಕ ಜಾಸ್ತಿ ಅವರ ಕಡೆಗೇ.

“ನೀನು ಆರ್ಟಿಸ್ಟು, ಪ್ರೆಸ್ಸಿನವರ ಹತ್ತಿರ ಏನು ಮಾತು” ಅಂದ ನಿಮ್ಮ ಭಾವನವರು ತಮಗೊಂದು ವಿಸಿಟಿಂಗ್ ಕಾರ್ಡಾದರೂ ಅಚ್ಚು ಹಾಕಿಸಿದ್ದಾರಾ? ನಿಮ್ಮನ್ನು ಕೆಡಿಸಿದ್ದು ಅವರು.

ನೋಡಿ, ಹಳೇ ಫೋಟೋಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ನಮ್ಮ ಭಾಷೆಗಳಿಗಿರುವ ಆಯ್ಕೆ ಹಾಕದಿದ್ದರೆ ಯುನಿಕೋಡ್ ಕನ್ನಡದ ಒತ್ತು ಒಡೆಯುತ್ತದೆ. ಹಿನ್ನೆಲೆಯ ಬಣ್ಣ ಕಟಿಂಗ್ ಗೆರೆ ದಾಟಿ 3 ಮಿ.ಮೀ. ಬ್ಲೀಡ್ ಇರಬೇಕು, ಅಕ್ಷರ ಗೆರೆಯಿಂದ ಸಾಕಷ್ಟು ಒಳಗಿರಬೇಕು. ಸ್ಕ್ರೀನಿನಲ್ಲಿ ಮಿಂಚುವ ಗಿಳಿಹಸಿರು ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಬಣ್ಣದ ಶಾಯಿಯಲ್ಲಿ ಮಂಕಾಗುತ್ತದೆ. ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿಯೊಂದೇ ಸಾಕು. ನಾಲ್ಕೂ ಬಣ್ಣ ಸೇರಿಸಿದರೆ, ರಿಜಿಸ್ಟ್ರೇಷನ್, ಅಂದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು, ಕೂದಲೆಳೆ ತಪ್ಪಿದರೂ ಅಕ್ಷರಕ್ಕೆ ನೆರಳು ಬಂದಂತೆ ಕಾಣುತ್ತದೆ. ಬೆಂಗಳೂರಿನ ಕಟಿಂಗ್ ಮಿಷಿನ್ನೂ ನಿಮ್ಮ ಅಕ್ಷರವನ್ನು ಹೀಗೇ ಕತ್ತರಿಸುತ್ತದೆ.

ನಿಮ್ಮ ಡಿಸೈನಿನ ಫೋಟೋ ನೋಡಿದೆ. ಆ ತೋರಣದ ಗೆರೆಗಳು ಚೆನ್ನಾಗಿವೆ, ಸುಳ್ಳು ಹೇಳಲ್ಲ. ಸದ್ಯಕ್ಕೆ ಅವನ್ನು ಮುಟ್ಟಬೇಡಿ.

ಅದೇ ಪ್ರೆಸ್ಸಿಗೆ ಹೋಗಿ ಕ್ಷಮೆ ಕೇಳಿ, ಒಂದು ತಿಂಗಳು ದಿನಾ ಕಟಿಂಗ್ ಮಿಷಿನ್ ಪಕ್ಕ ಕೂತಿರಿ. ಟೀ ದುಡ್ಡು ನಿಮ್ಮದೇ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಡೆಲಿವರಿ ಗಡಿಬಿಡಿಯಲ್ಲಿ ಅವರಿಗೆ ಮಾತಾಡಲು ಪುರುಸೊತ್ತಿರಲ್ಲ.