ಕ್ಯಾಂಟನೀಸ್‌ನಲ್ಲಿ ‘ಕೆಲಸ ಜಾಸ್ತಿ’ ಅನ್ನೋದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಾಂಗ್‌ಕಾಂಗ್ ಆಫೀಸಲ್ಲಿ ಕೆಲಸದ ಹೊರೆ ಜಾಸ್ತಿ ಆಗಿದೆ ಅಂತ ಹೇಳ್ಬೇಕು. ಆ್ಯಪ್ ‘ಕುಂಗ್ ಚೋಕ್ ಲ್ಯೊಂಗ್ ಫಾನ್ ಛುಂಗ್’ ಅಂತ ಕೊಡ್ತು, ಸರೀನಾ?

ಇದನ್ನ ಎಷ್ಟು ಸಲ ಕೇಳ್ತೀರ್ರೀ! ಅದು ಬರವಣಿಗೆ ಭಾಷೆ, ರಿಪೋರ್ಟಲ್ಲಿ ಹಾಕಿ, ಪಕ್ಕದ ಸೀಟಿನವರ ಹತ್ರ ಯಾರೂ ಹಂಗೆ ಮಾತಾಡಲ್ಲ. ಬಾಯಲ್ಲಿ ಬರೋದು ‘ಹೋ ತೊ ಯೇ ಚೋ’, ಮಾಡೋಕೆ ಬೇಜಾನ್ ಇದೆ ಅಂತ, ಮ್ಯಾನೇಜರ್ ಹತ್ರಾನೂ ಇದು ನಡಿಯತ್ತೆ. ಕೈಕಾಲು ಆಡದಷ್ಟು ಬ್ಯುಸಿ ಅಂದ್ರೆ ‘ಮೊಂಗ್ ತೋ ಥೆಕ್ ಸಾಯ್ ಕ್ಯೋಕ್’, ಇದ್ರಲ್ಲಿ ಥೆಕ್ ಅಂದ್ರೆ ಒದೆಯೋದು, ಕ್ಯೋಕ್ ಅಂದ್ರೆ ಕಾಲು, ಮಧ್ಯದ ‘ತೋ’ ಅಷ್ಟರಮಟ್ಟಿಗೆ ಅನ್ನೋ ಅರ್ಥ ಕೊಡತ್ತೆ. ಅದೇ ಕಾಲು ಅದೇ ಒದೆತ ‘ಯತ್ ಕ್ಯೋಕ್ ಥೆಕ್’ನಲ್ಲೂ ಇದೆ, ಆದ್ರೆ ಅರ್ಥಾನೇ ಬೇರೆ, ಎಲ್ಲಾನೂ ಒಬ್ರೇ ಮಾಡೋದು. ಹಿಂದೆ ಹಾಂಗ್‌ಕಾಂಗ್, ಸಿಂಗಾಪುರದ ಮನೆಗಳಲ್ಲಿ ಅಡುಗೆ, ಬಟ್ಟೆ, ಮಗು ಎಲ್ಲ ಒಬ್ಬಳೇ ನೋಡ್ಕೊಳ್ತಿದ್ದ ಕೆಲಸದ ಅಮ್ಮಂದಿರಿಗೆ ಈ ಮಾತೇ ಹೆಸರಾಗಿತ್ತು. ಟೀಮಲ್ಲಿ ಮೂರು ಜನದ ಕೆಲಸ ನಿಮ್ಮೊಬ್ರ ತಲೆ ಮೇಲೆ ಬಿದ್ದಿದ್ರೆ ಹೇಳ್ಬೇಕಾದ್ದು ಇದನ್ನ, ಬರೀ ಬ್ಯುಸಿ ಅಂದ್ರೆ ನಿಮ್ಮ ಕಷ್ಟ ಅವರಿಗೆ ಗೊತ್ತೇ ಆಗಲ್ಲ.

‘ಚೋ ತೋ ಚೆಕ್ ಕೌ ಕಮ್’ ಅಂತಾನೂ ಇದೆ, ನಮ್ಮಲ್ಲಿ ಕತ್ತೆ ತರ ದುಡಿಯೋದು, ಅಲ್ಲಿ ನಾಯಿ ತರ. ಫ್ರೆಂಡ್ಸ್ ಹತ್ರ ಮಾತ್ರ, ಬಾಸ್ ಮುಂದೆ ನಾನಂತೂ ಹೇಳಲ್ಲ, ನೀವೂ ಬೇಡ. ‘ಸೌ ಥಿಂಗ್ ಹೌ ಥಿಂಗ್’, ಕೈ ನಿಂತ್ರೆ ಬಾಯೂ ನಿಲ್ಲತ್ತೆ, ಅಂದ್ರೆ ದುಡೀದಿದ್ರೆ ಊಟ ಇಲ್ಲ, ಇದು ದಿನಗೂಲಿಯವರ, ಟ್ಯಾಕ್ಸಿಯವರ ಮಾತು, ತಿಂಗಳ ಸಂಬಳ ತಗೊಂಡು ಇದನ್ನ ಆಡ್ಬೇಡಿ. ಇನ್ನೊಬ್ರು ನಿಮಗೋಸ್ಕರ ಲೇಟಾಗಿ ಕೂತಿದ್ರೆ ‘ಸನ್ ಫು ಸಾಯ್’ ಅನ್ನಿ, ತುಂಬ ಕಷ್ಟಪಟ್ರಿ ಅಂತ. ಇದನ್ನ ಮರೀಲೇಬೇಡಿ.

ಪ್ರಶ್ನೆ: ಓವರ್‌ಟೈಮ್‌ಗೆ ಮ್ಯಾಂಡರಿನ್‌ನ ‘ಜ್ಯಾಬಾನ್’ ನಡಿಯತ್ತಾ?

ಹಾಂಗ್‌ಕಾಂಗಲ್ಲಿ ‘ಹೋಯ್ ಓಟಿ’ ಅಂತಾರೆ, ಹಂಗೇ ಅನ್ನಿ.

ಪ್ರಶ್ನೆ: ಟೋನ್ ಆಮೇಲೆ ಕಲಿತ್ರೆ ಆಗಲ್ವಾ?

ಆಗಲ್ಲ. ಟೋನ್ ಅಂದ್ರೆ ದನಿಯ ಏರಿಳಿತ, ಅದು ಬದಲಾದ್ರೆ ಅರ್ಥಾನೇ ಬದಲು. ಆರು ಟೋನ್ ಇದೆ, ‘ಮೊಂಗ್’ ನಾಲ್ಕನೇದ್ರಲ್ಲಿ ಬ್ಯುಸಿ, ಐದರಲ್ಲಿ ಬಲೆ, ಆರರಲ್ಲಿ ನೋಡೋದು.

ಪ್ರಶ್ನೆ: ಮೂವತ್ತು ದಿನದಲ್ಲಿ ಕ್ಯಾಂಟನೀಸ್ ಅನ್ನೋ ವಿಡಿಯೋ ಕೋರ್ಸ್ ಹೇಗೆ?

ದುಡ್ಡು ಸುರೀಬೇಡಿ. ಟೋನೇ ಹೇಳ್ಕೊಡದೆ, ‘ಕುಂಗ್’ ‘ತೋ’ ಅನ್ನೋದನ್ನ ‘ಗುಂಗ್’ ‘ದೋ’ ಅಂತ ಓದಿಸೋರು ಗುರುಗಳಲ್ಲ ಕಣ್ರೀ, ಮೋಸ ಅದು! ಕ್ಯಾಂಟನೀಸನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಜ್ಯುತ್‌ಪಿಂಗ್ ಸ್ಪೆಲಿಂಗಲ್ಲಿ ಜಿ ಇದ್ರೆ ನಮ್ಮ ಕ, ಕೆ ಇದ್ರೆ ಖ, ಡಿ ಇದ್ರೆ ತ, ಟಿ ಇದ್ರೆ ಥ. ಕನ್ನಡದವರಿಗೆ ಈ ಅಕ್ಷರಗಳು ಮೊದಲೇ ಗೊತ್ತು, ಮಹಾಪ್ರಾಣಾನ ಸರಿಯಾಗಿ ಉಚ್ಚಾರ ಮಾಡಿ, ಸಾಕು.