ತವರಿನ ಪಾಲು, ಎರಡು ಫಂಡ್

ಕುಮಟಾ ಕಡೆಯ ದಂಪತಿ. ಗಂಡನಿಗೆ ಐವತ್ತರ ಆಸುಪಾಸು. ಸಣ್ಣದೊಂದು ಗೇರುಬೀಜ ಕಾರ್ಖಾನೆ ನಡೆಸುತ್ತಾರೆ. ಹೆಂಡತಿ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಿಂದ ಬಂದವರು. ಮದುವೆಯಾದಾಗಿನಿಂದ ಕಾರ್ಖಾನೆಯ ಲೆಕ್ಕ ಬರೆಯುವವರು ಅವರೇ. ಒಬ್ಬಳೇ ಮಗಳು, ಪಿಯುಸಿ ಎರಡನೇ ವರ್ಷ. ಗುರುತು ಸಿಗದಂತೆ ಊರು, ಮೊತ್ತ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಶ್ರೀಪಾದ, ಸುಮಂಗಲಾ ಎನ್ನುತ್ತೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಸುಮಂಗಲಾ ಅವರ ತವರಿನಲ್ಲಿ ಹಿಸ್ಸೆಯಾಗಿತ್ತು. ತೋಟವನ್ನು ಒಡೆಯುವುದು ಬೇಡವೆಂದು ಅಣ್ಣ ತಂಗಿಯ ಪಾಲಿಗೆ 14 ಲಕ್ಷ ರೂಪಾಯಿ ಕೊಟ್ಟರು. ಹಣ ಖಾತೆಗೆ ಬಂದ ವಾರದಲ್ಲೇ ಶ್ರೀಪಾದ ಅವರು ಅಷ್ಟನ್ನೂ ಸ್ಮಾಲ್ ಕ್ಯಾಪ್ ಫಂಡ್ ಒಂದಕ್ಕೆ, ಅಂದರೆ ಸಣ್ಣ ಕಂಪನಿಗಳ ಷೇರು ಕೊಳ್ಳುವ ಮ್ಯೂಚುವಲ್ ಫಂಡ್‌ಗೆ, ಹಾಕಲು ಅರ್ಜಿ ತುಂಬಿಸಿ ಸಹಿಗೆ ತಂದರು. ಸುಮಂಗಲಾ ಸಹಿ ಹಾಕಲಿಲ್ಲ. ತನಗೆ ವಿದೇಶಿ ಷೇರುಗಳ ಫಂಡ್ ಬೇಕು ಎಂದರು. ಅಲ್ಲಿಂದ ಮಾತು ನಿಂತಿತು. ನನ್ನ ಬಳಿ ಸಲಹೆ ಕೇಳಲು ಬರುವ ಹೊತ್ತಿಗೆ ಊಟಕ್ಕೆ ಕರೆಯುವುದೂ ಮಗಳ ಮೂಲಕವೇ ನಡೆಯುತ್ತಿತ್ತು: "ಅಪ್ಪನಿಗೆ ಬಡಿಸಿದೆ ಎಂದು ಹೇಳು", "ಆಯಿಗೆ ಬ್ಯಾಂಕಿನ ಪುಸ್ತಕ ಎಲ್ಲಿದೆ ಎಂದು ಕೇಳು".

"ಅಕ್ಕೋರೇ, ಎರಡರಲ್ಲಿ ಯಾವುದು ಒಳ್ಳೆಯದು ಎಂದು ನೀವೇ ಹೇಳಿಬಿಡಿ. ನೀವು ಗಣಿತ ಕಲಿಸಿದವರು" ಎಂದು ಶ್ರೀಪಾದ ಮಾತು ಶುರು ಮಾಡಿದರು. ಜೇಬಿನಲ್ಲಿ ಕಳೆದ ಐದು ವರ್ಷಗಳ ಗಳಿಕೆಯ ಪಟ್ಟಿ ಇತ್ತು. ಅದನ್ನು ಮೇಜಿನ ಮೇಲಿಟ್ಟು, ತನ್ನ ಫಂಡ್‌ನ ಸಾಲಿಗೆ ಬೆರಳು ಒತ್ತಿ ಹಿಡಿದರು.

ಯಾವುದೇ ಫಂಡ್‌ನ ಹೆಸರು ಹೇಳುವ ಅಧಿಕಾರ ನನಗಿಲ್ಲ. ಅದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರ ಕೆಲಸ. ಆದರೆ ಆ ಪಟ್ಟಿಯನ್ನು ಮಡಚಿ ಬದಿಗಿಡಲು ಹೇಳಿದೆ. ಐದು ವರ್ಷದ ಗಳಿಕೆ ಎಲ್ಲಿಂದ ಎಣಿಕೆ ಆರಂಭವಾಗುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ನಿಫ್ಟಿ ಸ್ಮಾಲ್‌ಕ್ಯಾಪ್ 100 ಎಂಬ, ನೂರು ಸಣ್ಣ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ಸೂಚ್ಯಂಕ 2018ರ ಜನವರಿಯಲ್ಲಿ ಶಿಖರ ಮುಟ್ಟಿ, 2020ರ ಮಾರ್ಚ್ ವೇಳೆಗೆ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತ್ತು. ಹಳೆಯ ಎತ್ತರಕ್ಕೆ ಅದು ಮರಳಿದ್ದು 2021ರಲ್ಲಿ. ಆ ತಳದಿಂದ ಎಣಿಸಿದರೆ ಗಳಿಕೆ ಕಣ್ಣು ಕುಕ್ಕುತ್ತದೆ. ಹಿಂದಿನ ಶಿಖರದಿಂದ ಎಣಿಸಿದರೆ ಮೂರು ವರ್ಷಕ್ಕೂ ಮೀರಿ ಕೈಗೆ ಏನೂ ಹತ್ತಿರಲಿಲ್ಲ. ಅರ್ಧ ಕರಗಿದ ಹಣ ಮೊದಲಿನಷ್ಟಾಗಲು ಶೇ 50 ಏರಿದರೆ ಸಾಲದು, ದುಪ್ಪಟ್ಟಾಗಬೇಕು. ಇದನ್ನು ನಾನು ಹತ್ತನೇ ತರಗತಿಯ ಮಕ್ಕಳಿಗೂ ಹೇಳುತ್ತಿದ್ದೆ, ದೊಡ್ಡವರಿಗೂ ಹೇಳುತ್ತೇನೆ.

ಮೊದಲು ಇಬ್ಬರಿಗೂ ಮಾತಿಗೆ ಸಮಾನ ಅವಕಾಶ ಕೊಟ್ಟೆ. ಶ್ರೀಪಾದ ಅವರ ನಂಬಿಕೆ ಹಗುರವಾದದ್ದಲ್ಲ. ನಾಲ್ಕು ಹೆಂಗಸರು ಕೈಯಲ್ಲಿ ಬೀಜ ಒಡೆಯುತ್ತಿದ್ದ ಕೊಟ್ಟಿಗೆಯನ್ನು ಬಾಯ್ಲರ್ ಇರುವ ಕಾರ್ಖಾನೆಯಾಗಿ ಬೆಳೆಸಿದವರು ಅವರು. ಸಣ್ಣದು ದೊಡ್ಡದಾಗುವುದನ್ನು ಕಣ್ಣಾರೆ ಕಂಡ ಮನುಷ್ಯ. "ನಮ್ಮ ದೇಶದ ಸಣ್ಣ ಕಂಪನಿಗಳ ಮೇಲೆ ನಾವೇ ಭರವಸೆ ಇಡದಿದ್ದರೆ ಹೇಗೆ?" ಎಂದು ಕೇಳಿದಾಗ ಅವರ ದನಿ ನಡುಗಿತು. ಸುಮಂಗಲಾ ಮಾತ್ರ ಒಂದೇ ಸಾಲು ಹೇಳಿದರು: "ಅಮೆರಿಕದ ಕಂಪನಿಗಳು ಗಟ್ಟಿ. ಮುಳುಗುವುದಿಲ್ಲ."

ಆ ಮಾತನ್ನೂ ಹಾಗೆಯೇ ಬಿಡುವಂತಿರಲಿಲ್ಲ. ಅಮೆರಿಕದ ನ್ಯಾಸ್‌ಡ್ಯಾಕ್ ಸೂಚ್ಯಂಕ 2000ದ ಮಾರ್ಚ್‌ನಿಂದ 2002ರ ಅಕ್ಟೋಬರ್ ನಡುವೆ ಶೇ 78ರಷ್ಟು ಕುಸಿಯಿತು. ಹಳೆಯ ಎತ್ತರ ದಾಟಲು 2015 ಬರಬೇಕಾಯಿತು. ಜಪಾನಿನ ಷೇರು ಸೂಚ್ಯಂಕ ನಿಕ್ಕೇ 1989ರ ಡಿಸೆಂಬರ್‌ನ ಶಿಖರವನ್ನು ಮತ್ತೆ ಮೀರಿದ್ದು 2024ರ ಫೆಬ್ರುವರಿಯಲ್ಲಿ. ಕಡಲಾಚೆಯ ಷೇರುಪೇಟೆಗೆ ಯಾರೂ ಬೇಲಿ ಕಟ್ಟಿಲ್ಲ. ಅಲ್ಲದೆ 2008ರಲ್ಲಿ, 2020ರ ಮಾರ್ಚ್‌ನಲ್ಲಿ ಅಲ್ಲಿಯ ಷೇರುಗಳೂ ಇಲ್ಲಿಯ ಷೇರುಗಳೂ ಕೂಡಿಯೇ ಬಿದ್ದವು.

ನಂತರ ಎರಡೂ ಫಂಡ್‌ಗಳ ಒಳಗೆ ಏನಿದೆ ಎಂದು ನೋಡಿದೆವು. ಇದಕ್ಕೆ ಸಮಯ ಕೊಟ್ಟೆ, ಏಕೆಂದರೆ ಇಬ್ಬರೂ ಹೊರಗಿನ ಹೆಸರನ್ನಷ್ಟೇ ನೋಡಿದ್ದರು.

ಸೆಬಿ 2017ರಲ್ಲಿ ಮಾಡಿದ ವಿಂಗಡಣೆಯಂತೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ದೊಡ್ಡವು, 101ರಿಂದ 250 ಮಧ್ಯಮ, 251ರಿಂದ ಕೆಳಗಿನವೆಲ್ಲ ಸಣ್ಣವು. ಸ್ಮಾಲ್ ಕ್ಯಾಪ್ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇ 65ನ್ನು ಈ ಸಣ್ಣವುಗಳಲ್ಲಿ ಇಡಬೇಕು. ಬೇಗ ಬೆಳೆಯುವ ಕಂಪನಿಯನ್ನು ಹುಡುಕುವ ಫಂಡ್ ಆ ಬೆಳವಣಿಗೆಗೆ ಮುಂಗಡವಾಗಿಯೇ ಬೆಲೆ ತೆರುತ್ತದೆ. ಕಾಗದದ ಮೇಲೆ ಒಂದು ಲೆಕ್ಕ ಹಾಕಿ ತೋರಿಸಿದೆ. ಷೇರೊಂದಕ್ಕೆ 10 ರೂಪಾಯಿ ಲಾಭ ಮಾಡುವ ಕಂಪನಿಗೆ ಪೇಟೆ ಆ ಲಾಭದ 40 ಪಟ್ಟು ಕೊಡುತ್ತಿದ್ದರೆ ಷೇರಿನ ಬೆಲೆ 400. ಒಂದು ವರ್ಷ ಲಾಭ 8ಕ್ಕೆ ಇಳಿಯಿತು. ಉತ್ಸಾಹವೂ ಇಳಿದು ಪೇಟೆ 20 ಪಟ್ಟು ಮಾತ್ರ ಕೊಡಲು ತಯಾರಾಯಿತು. ಬೆಲೆ 160. ಲಾಭ ಶೇ 20 ಇಳಿದರೆ ಷೇರು ಶೇ 60 ಇಳಿಯಿತು. ಅದರ ಮೇಲೆ, ಇಂಥ ಷೇರುಗಳಿಗೆ ಕೊಳ್ಳುವವರು ಕಡಿಮೆ. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಫಂಡ್‌ಗೆ ಹಣ ಹೊಂದಿಸಲು ದಿನಗಳು ಬೇಕು. 2024ರ ಮಾರ್ಚ್‌ನಿಂದ ಮಧ್ಯಮ ಮತ್ತು ಸಣ್ಣ ಕಂಪನಿಗಳ ಫಂಡ್‌ಗಳು ತಮ್ಮ ಹೂಡಿಕೆಯ ಶೇ 25 ಮತ್ತು ಶೇ 50 ಭಾಗವನ್ನು ಮಾರಲು ಎಷ್ಟು ದಿನ ಹಿಡಿಯುತ್ತದೆ ಎಂದು ಪ್ರಕಟಿಸುತ್ತಿವೆ. ಶ್ರೀಪಾದ ಅವರು ತನ್ನ ಆಯ್ಕೆಯ ಫಂಡ್‌ನ ಆ ಅಂಕಿಯನ್ನು ಮೊಬೈಲ್‌ನಲ್ಲಿ ತಾವೇ ಹುಡುಕಿ ಓದಿದರು. ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ವಿದೇಶಿ ಫಂಡ್‌ನ ಲೆಕ್ಕ ಬೇರೆ. ಅಲ್ಲಿ ನಮ್ಮ ಗಳಿಕೆ ಎರಡು ಕಾಲಿನ ಮೇಲೆ ನಡೆಯುತ್ತದೆ: ಅಲ್ಲಿಯ ಷೇರುಗಳ ಏರಿಳಿತ ಒಂದು, ರೂಪಾಯಿಗೆ ಡಾಲರ್ ದರ ಇನ್ನೊಂದು. ಷೇರು ಶೇ 8, ಡಾಲರ್ ಶೇ 4 ಏರಿದರೆ ನಮಗೆ ಶೇ 12ಕ್ಕಿಂತ ಸ್ವಲ್ಪ ಹೆಚ್ಚು. 2022ರಲ್ಲಿ ನ್ಯಾಸ್‌ಡ್ಯಾಕ್ 100 ಸುಮಾರು ಶೇ 33 ಬಿತ್ತು. ಅದೇ ವರ್ಷ ಡಾಲರ್ 74 ರೂಪಾಯಿಯ ಆಸುಪಾಸಿನಿಂದ 83ರ ಹತ್ತಿರ ಬಂದದ್ದರಿಂದ ರೂಪಾಯಿ ಲೆಕ್ಕದಲ್ಲಿ ನಷ್ಟ ಶೇ 25ರಷ್ಟಕ್ಕೆ ನಿಂತಿತು. ತೊಡಕುಗಳೂ ಇವೆ. ಭಾರತದ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ವಿದೇಶಿ ಷೇರುಗಳಲ್ಲಿ ಇಡಬಹುದಾದ ಹಣಕ್ಕೆ 700 ಕೋಟಿ ಡಾಲರ್ ಮಿತಿ ಇದೆ. ಆ ಮಿತಿ ಹತ್ತಿರ ಬಂತೆಂದು 2022ರ ಫೆಬ್ರುವರಿಯಲ್ಲಿ ಹೊಸ ಹೂಡಿಕೆಯನ್ನು ನಿಲ್ಲಿಸಲಾಯಿತು. ಜೂನ್‌ನಲ್ಲಿ ಮಿತಿಯೊಳಗೆ ಮತ್ತೆ ಅನುಮತಿ ಸಿಕ್ಕಿತು. ಕಟ್ಟಿದ ಹಣ ಎಲ್ಲಿಯೂ ಹೋಗುವುದಿಲ್ಲ, ಆದರೆ ತಿಂಗಳ ಕಂತು ಇದ್ದಕ್ಕಿದ್ದಂತೆ ನಿಲ್ಲಬಹುದು. ಷೇರಿನಂತೆ ಷೇರುಪೇಟೆಯಲ್ಲೇ ಕೈ ಬದಲಾಗುವ ವಿದೇಶಿ ಫಂಡ್‌ಗಳು, ಅಂದರೆ ಇಟಿಎಫ್‌ಗಳು ಇದೇ ಕಾರಣದಿಂದ ಕೆಲವೊಮ್ಮೆ ಒಳಗಿರುವ ಷೇರುಗಳ ನಿಜ ಮೌಲ್ಯಕ್ಕಿಂತ ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಕೊಳ್ಳುವ ಮುನ್ನ ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. "ಅಂತರರಾಷ್ಟ್ರೀಯ" ಎಂದು ಬರೆದಿದ್ದರೂ ಒಳಗೆ ಅಮೆರಿಕದ ತಂತ್ರಜ್ಞಾನ ಕಂಪನಿಗಳು ಮಾತ್ರ ಇರುವುದುಂಟು.

ಇಷ್ಟಾದ ಮೇಲೆ ಸುಮಂಗಲಾ ಅವರನ್ನು ಕೇಳಿದೆ: "ನಿಮಗೆ ಡಾಲರ್ ಏಕೆ ಬೇಕೆನ್ನಿಸಿತು?" ಅವರು ಗಂಡನ ಕಡೆ ನೋಡಲಿಲ್ಲ. ಚೀಲದಿಂದ ಲೆಕ್ಕದ ಪುಸ್ತಕ ತೆಗೆದರು. ಮಾರ್ಚ್‌ನಿಂದ ಮೇ ತನಕ ಊರ ಬೀಜ ಸಿಗುತ್ತದೆ. ಉಳಿದ ತಿಂಗಳುಗಳಿಗೆ ಆಫ್ರಿಕಾದ ಕಚ್ಚಾ ಗೇರುಬೀಜವನ್ನು ಮಂಗಳೂರಿನ ವ್ಯಾಪಾರಿಯಿಂದ ಕೊಳ್ಳುತ್ತಾರೆ. ಅದರ ದರ ಡಾಲರ್‌ಗೆ ಗಂಟು ಹಾಕಿಕೊಂಡಿದೆ. ಡಾಲರ್ ಏರಿದ ತಿಂಗಳುಗಳ ಅಂಚಿನಲ್ಲೆಲ್ಲ ಅವರು ಪೆನ್ಸಿಲ್‌ನಿಂದ ಗೆರೆ ಎಳೆದಿದ್ದರು. ಮಗಳು ಎಂಜಿನಿಯರಿಂಗ್ ಮುಗಿಸಿ, ಒಂದೆರಡು ವರ್ಷ ಕೆಲಸ ಮಾಡಿ, ಹೊರದೇಶದಲ್ಲಿ ಎಂಎಸ್ ಮಾಡುವ ಆಸೆ ಇಟ್ಟುಕೊಂಡಿದ್ದಾಳೆ. ಅದರ ಶುಲ್ಕವೂ ಡಾಲರ್‌ನಲ್ಲಿ. 2011ರ ಮಧ್ಯದಲ್ಲಿ ಡಾಲರ್‌ಗೆ ಸುಮಾರು 45 ರೂಪಾಯಿ ಇತ್ತು, 2024ರ ಕೊನೆಗೆ 85 ದಾಟಿತ್ತು. "ಡಾಲರ್ ಏರಿದಾಗಲೆಲ್ಲ ನಮ್ಮ ಮನೆಗೆ ಪೆಟ್ಟು ಬೀಳುತ್ತದೆ, ಅಕ್ಕೋರೇ. ಒಂದು ಕಡೆಯಾದರೂ ಅದು ಏರಿದರೆ ನಮಗೆ ಲಾಭವಾಗಲಿ ಎಂದುಕೊಂಡೆ. ಹೇಳಲು ಯಾರೂ ಕೇಳಲೇ ಇಲ್ಲ."

ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯೆಲ್ಲ ಆ ಪುಸ್ತಕದಿಂದ ಹುಟ್ಟಿದ್ದು. ಈ ಮನೆಯ ಬಳಿ ಈಗಾಗಲೇ ಒಂದು ಸಣ್ಣ ಕಂಪನಿ ಇದೆ: ಅವರ ಕಾರ್ಖಾನೆಯೇ. ಮನೆಯ ದುಡಿಮೆ, ಸಾಲ, ಮರ್ಯಾದೆ ಎಲ್ಲವೂ ಅದರಲ್ಲಿದೆ. ದೇಶದಲ್ಲಿ ವ್ಯಾಪಾರ ಕುಗ್ಗಿದಾಗ, ಬ್ಯಾಂಕುಗಳು ಸಾಲದ ಕೈ ಬಿಗಿ ಹಿಡಿದಾಗ ಮೊದಲು ಏದುಸಿರು ಬಿಡುವುದು ಇಂಥ ಘಟಕಗಳು. ಸ್ಮಾಲ್ ಕ್ಯಾಪ್ ಫಂಡ್ ಕುಸಿಯುವುದೂ ಅದೇ ಕಾಲದಲ್ಲಿ. ಸರ್ಕಾರಿ ಶಾಲೆಯ ಶಿಕ್ಷಕ ದಂಪತಿ ನನ್ನ ಮುಂದೆ ಇದೇ ಪ್ರಶ್ನೆ ಇಟ್ಟಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು. ಅವರ ಸಂಬಳ ಷೇರುಪೇಟೆಯ ಜೊತೆ ಬೀಳುವುದಿಲ್ಲ. ಹತ್ತು ಹದಿನೈದು ವರ್ಷ ಕಾಯುವ ಶಕ್ತಿ ಇರುತ್ತದೆ.

ಶ್ರೀಪಾದ ಇದನ್ನು ಒಪ್ಪಲಿಲ್ಲ. "ಬಿದ್ದರೆ ಬೀಳಲಿ, ನಾನು ಹೆದರಿ ಮಾರುವವನಲ್ಲ" ಎಂದರು. ಆಗ ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, 14 ಲಕ್ಷ 7 ಲಕ್ಷವಾದ ದಿನ ಮನೆಯಲ್ಲಿ ಏನು ನಡೆಯುತ್ತದೆ ಎಂದು ಬರೆಯಲು ಹೇಳಿದೆ. ಗಂಡ ಬರೆದದ್ದು: "ಕಾಯುತ್ತೇನೆ." ಹೆಂಡತಿ ಬರೆದದ್ದು: "2020ರಲ್ಲಿ ಹಂಗಾಮಿನ ಹೊತ್ತಿಗೇ ಲಾಕ್‌ಡೌನ್ ಬಂತು. ಕಾರ್ಖಾನೆ ಮುಚ್ಚಿತು. ಬ್ಯಾಂಕಿನ ಬಡ್ಡಿಗೆ, ಹೆಂಗಸರ ಕೂಲಿಗೆ ನನ್ನ ಬಳೆ, ಸರ ಅಡವಿಟ್ಟೆವು. ಆಗ ಈ ಫಂಡ್ ಇದ್ದಿದ್ದರೆ ಅದನ್ನೇ ಮೊದಲು ಮಾರುತ್ತಿದ್ದೆವು." ಹಾಳೆಗಳನ್ನು ಬದಲಾಯಿಸಿಕೊಂಡು ಓದಲು ಹೇಳಿದೆ. ಶ್ರೀಪಾದ ಓದಿ, "ಆ ಸರ ಇನ್ನೂ ಬಿಡಿಸಿಕೊಟ್ಟಿಲ್ಲ" ಎಂದು ಮೆಲ್ಲಗೆ ಹೇಳಿದರು. ಷೇರುಪೇಟೆ ತಳ ಮುಟ್ಟಿದ್ದೂ ಅದೇ ಮಾರ್ಚ್‌ನಲ್ಲಿ. ಎಷ್ಟು ಧೈರ್ಯವಂತನಾದರೂ, ಸಾಲ ಕೊಟ್ಟವನು ಬಾಗಿಲಿಗೆ ಬಂದ ದಿನ ಮಾರುವ ನಿರ್ಧಾರ ಅವನ ಕೈಯಲ್ಲಿರುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಹಣ ಸುಮಂಗಲಾ ಅವರದು. ಹೂಡಿಕೆ ಅವರ ಹೆಸರಿನಲ್ಲೇ ಇರಬೇಕು, ಕೊನೆಯ ಮಾತೂ ಅವರದೇ. ಮೊದಲು ಅಡವಿನ ಸರ ಬಿಡಿಸಬೇಕು, ಅದೂ ಕಾರ್ಖಾನೆಯ ಹಣದಿಂದ. 14 ಲಕ್ಷದಲ್ಲಿ 5 ಲಕ್ಷ ಎರಡು ಬ್ಯಾಂಕುಗಳಲ್ಲಿ ಠೇವಣಿಯಾಗಲಿ, ಇನ್ನೊಂದು 2020 ಬಂದರೆ ಕೈಗೆ ಸಿಗುವಂತೆ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ, ಆದರೆ ನಮ್ಮ ಊರೂರಲ್ಲಿರುವ ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲ. ಹೆಚ್ಚು ಬಡ್ಡಿ ಎಂದು ಅಲ್ಲಿಗೆ ಹೋಗುವ ಮುನ್ನ ಇದು ಗೊತ್ತಿರಬೇಕು. 6 ಲಕ್ಷ ಹಲವು ದೇಶ, ಹಲವು ವಲಯಗಳಲ್ಲಿ ಹರಡಿದ ವಿದೇಶಿ ಫಂಡ್‌ಗೆ, ತಿಂಗಳಿಗೆ 50 ಸಾವಿರದಂತೆ ಒಂದು ವರ್ಷ. ಉಳಿದ 3 ಲಕ್ಷ ದೇಶದ ದೊಡ್ಡ, ಮಧ್ಯಮ, ಸಣ್ಣ ಕಂಪನಿಗಳೆಲ್ಲ ಇರುವ ಸೂಚ್ಯಂಕವನ್ನು ಅನುಸರಿಸುವ ಫಂಡ್‌ಗೆ. ಮಗಳು ಹೊರಡುವ ಎರಡು ವರ್ಷ ಮೊದಲೇ ವಿದೇಶಿ ಫಂಡ್‌ನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದು ಠೇವಣಿಗೆ ತರಬೇಕು. ಪದವಿ ಮುಗಿದೊಡನೆಯೇ ಹೋಗುತ್ತೇನೆ ಎಂದು ಅವಳು ಮನಸ್ಸು ಬದಲಿಸಿದರೆ ಆ 6 ಲಕ್ಷವನ್ನು ಈಗಲೇ ಕಡಿಮೆ ಮಾಡಬೇಕು. ನಾಲ್ಕು ವರ್ಷ ಷೇರುಗಳಿಗೆ ಚಿಕ್ಕ ಕಾಲ.

ತೆರಿಗೆಯ ಮಾತು: ದೇಶಿ ಷೇರು ಫಂಡ್ ಒಂದು ವರ್ಷ ದಾಟಿದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ವಿದೇಶಿ ಫಂಡ್‌ಗೆ ಎರಡು ವರ್ಷ ದಾಟಿದರೆ ಶೇ 12.5, 1.25 ಲಕ್ಷದ ವಿನಾಯಿತಿ ಇಲ್ಲ; ಅದಕ್ಕೂ ಮೊದಲು ಮಾರಿದರೆ ಆದಾಯಕ್ಕೆ ಸೇರಿಸಿ ತೆರಿಗೆ.

ಶ್ರೀಪಾದ ಅವರ ನಂಬಿಕೆಗೂ ಜಾಗ ಬೇಕಿತ್ತು. ಅವರ ಸ್ವಂತ ದುಡಿಮೆಯಿಂದ ತಿಂಗಳಿಗೆ 3,000 ರೂಪಾಯಿ, ಅವರ ಹೆಸರಿನಲ್ಲಿ, ಹತ್ತು ವರ್ಷ ಮುಟ್ಟದ ಹಣವೆಂದು ತಿಳಿದು ಸ್ಮಾಲ್ ಕ್ಯಾಪ್ ಫಂಡ್‌ಗೆ ಹೋಗಲಿ ಎಂದೆ. ಕಂತುಕಂತಾಗಿ ಕಟ್ಟುವವನಿಗೆ ಕುಸಿತದ ವರ್ಷಗಳೂ ಅಗ್ಗದ ಬೆಲೆಯಾಗಿ ಒದಗುತ್ತವೆ.

ಇನ್ನೊಂದು ಸಲಹೆ ಫಂಡ್‌ಗೆ ಸಂಬಂಧಿಸಿದ್ದಲ್ಲ, ಆದರೆ ನನಗೆ ಅದು ಎಲ್ಲಕ್ಕಿಂತ ಮುಖ್ಯವಾಗಿತ್ತು: ಮಗಳನ್ನು ಮಾತು ಸಾಗಿಸುವ ಕೆಲಸದಿಂದ ಅಂದಿನಿಂದಲೇ ಬಿಡಿಸಬೇಕು. ಪರೀಕ್ಷೆಯ ವರ್ಷ ಅಪ್ಪ ಆಯಿಯ ನಡುವೆ ಓಡಾಡುವ ಮಗು, ಈ ಜಗಳ ತನ್ನ ಓದಿನ ಖರ್ಚಿನಿಂದ ಬಂತೆಂದು ಒಳಗೊಳಗೇ ಎಣಿಸಿಕೊಳ್ಳುತ್ತದೆ. ಇಬ್ಬರೂ ಅವಳನ್ನು ಕೂರಿಸಿಕೊಂಡು, ಹಾಗಲ್ಲ ಎಂದು ಬಾಯಿಬಿಟ್ಟು ಹೇಳಬೇಕು ಎಂದೆ. ಹೇಳಿದರಂತೆ. ಅವಳು ಅತ್ತಳಂತೆ.

ನೋಂದಾಯಿತ ಸಲಹೆಗಾರರೊಬ್ಬರ ಬಳಿ ಕಳಿಸಿ ಈ ಹಂಚಿಕೆಯನ್ನು ಪರಿಶೀಲಿಸಿಕೊಳ್ಳಲು ಹೇಳಿದೆ. ಸಣ್ಣ ಬದಲಾವಣೆಗಳೊಂದಿಗೆ ಅದು ಜಾರಿಗೆ ಬಂದಿದೆ. ಸರ ಮನೆಗೆ ಮರಳಿದೆ. ಭಿನ್ನಾಭಿಪ್ರಾಯ ಪೂರ್ತಿ ಹೋಗಿಲ್ಲ. ಈ ಹಂಗಾಮು ಚೆನ್ನಾಗಿ ಆಯಿತೆಂದು ಶ್ರೀಪಾದ ತಮ್ಮ ಕಂತನ್ನು 10 ಸಾವಿರಕ್ಕೆ ಏರಿಸಲು ಬಯಸುತ್ತಿದ್ದಾರೆ. ಸುಮಂಗಲಾ, ಮೊದಲು ಬಾಯ್ಲರ್ ಸಾಲದ ಅಸಲು ಇಳಿಸೋಣ ಎನ್ನುತ್ತಾರೆ. ನಾನು ಸುಮಂಗಲಾ ಅವರ ಪರ. ಹಾಗೆಂದು ಇಬ್ಬರ ಎದುರೇ ಹೇಳಿದ್ದೇನೆ, ಆ ಸಾಲದ ಬಡ್ಡಿಯ ದರವನ್ನು ಹಾಳೆಯ ಮೇಲೆ ಬರೆದೂ ಕೊಟ್ಟಿದ್ದೇನೆ.