ಎಷ್ಟು ಸಲ ಓದಿದರೂ ಮರುದಿನಕ್ಕೆ ಮರೆತುಹೋಗುತ್ತದೆ, ನನ್ನ ನೆನಪಿನ ಶಕ್ತಿ ಕಮ್ಮಿಯಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 34, ಮುಂಬೈ ಹತ್ತಿರದ ಕಲ್ಯಾಣದಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ದಿನಾ ಲೋಕಲ್ ರೈಲಿನಲ್ಲಿ ಓಡಾಟ, ಇಲಾಖೆ ಪರೀಕ್ಷೆಗೆ ಇನ್ನು ಆರು ವಾರ. ಒಂದೇ ಅಧ್ಯಾಯವನ್ನು ಐದು ಸಲ ಓದಿ, ಸಾಲಿನ ಕೆಳಗೆಲ್ಲ ಗೆರೆ ಎಳೆದು, ರಾತ್ರಿ ಎರಡರವರೆಗೆ ಕೂತರೂ ಮರುದಿನ ಏನೂ ನೆನಪಿಗೆ ಬರುವುದಿಲ್ಲ ಅಂತ ಬರೆದಿದ್ದೀರಿ. ವಯಸ್ಸಾಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಿಮ್ಮ ತಲೆ ಸರಿಯಾಗೇ ಇದೆ, ಓದುವ ರೀತಿ ಬದಲಾಗಬೇಕು ಅಷ್ಟೇ. ನಾನೂ ಇದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಊರು ಗದಗದ ಹತ್ತಿರ. ಈಗ ಡೊಂಬಿವಲಿಯಲ್ಲಿ ಒಂದು ಮೆಡಿಕಲ್ ಶಾಪ್‌ನ ಕೌಂಟರ್‌ನಲ್ಲಿ ಕೆಲಸ. ಬಂದ ಹೊಸದರಲ್ಲಿ ಮರಾಠಿ ಮಾತು ಬೇಗ ಬಂತು, ಅಂಕಿ ಮಾತ್ರ ಬರಲೇ ಇಲ್ಲ. ನಮ್ಮಲ್ಲಿ ಅರವತ್ತು ಗೊತ್ತಿದ್ದು ಏಳು ಗೊತ್ತಿದ್ದರೆ ಅರವತ್ತೇಳು ತಾನಾಗೇ ಬಾಯಿಗೆ ಬರುತ್ತದೆ ಅಲ್ವಾ? ಮರಾಠಿಯಲ್ಲಿ ಸಾಠ್, ಸಾತ್ ಎರಡೂ ಗೊತ್ತಿದ್ದರೂ ಸದುಸಷ್ಟ ಅನ್ನುವುದು ಹೊಳೆಯುವುದಿಲ್ಲ. 47 ಸತ್ತೇಚಾಳೀಸ, 57 ಸತ್ತಾವನ್ನ, 59ಕ್ಕೆ ಬಂದರೆ ಏಕೋಣಸಾಠ, ಅಂದರೆ ಅರವತ್ತಕ್ಕೆ ಒಂದು ಕಮ್ಮಿ. ನೂರರವರೆಗೆ ಹೆಚ್ಚುಕಮ್ಮಿ ಒಂದೊಂದನ್ನೂ ಬೇರೆಯಾಗಿಯೇ ಕಲಿಯಬೇಕು.

ಒಂದು ಹಾಳೆಯಲ್ಲಿ ಎಲ್ಲ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಎರಡು ತಿಂಗಳು ದಿನಾ ಓದಿದೆ. ಮಗ್ಗಿ ಹೇಳಿದ ಹಾಗೆ ಸಾಲಾಗಿ ಹೇಳಬಲ್ಲೆ, ಆದರೆ ಗಿರಾಕಿ ಮೊಬೈಲ್ ನಂಬರ್ ಹೇಳುವಾಗ ನಡುವೆ ಸದುಸಷ್ಟ ಬಂದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಹಿಂದೆ ನಾಲ್ಕು ಜನ ನಿಂತಿರುತ್ತಿದ್ದರು. ನಿಜವಾಗಿ ಅಳು ಬರುತ್ತಿತ್ತು.

ಆಮೇಲೆ ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗಿ ಒಂದು ಆಟ ಶುರು ಮಾಡಿದಳು. ಹಾಳೆ ಮುಚ್ಚಿಟ್ಟು ಅವಳು ಮನಸ್ಸಿಗೆ ಬಂದ ಅಂಕಿ ಕೂಗುವುದು, ನಾನು ಮರಾಠಿಯಲ್ಲಿ ಹೇಳುವುದು. ಮೊದಲ ದಿನ ಹತ್ತರಲ್ಲಿ ಏಳು ತಪ್ಪು. ನಾನು ಅದನ್ನೇ ರಸ್ತೆಯಲ್ಲೂ ಮಾಡತೊಡಗಿದೆ. ರಿಕ್ಷಾದ ನಂಬರ್ ಪ್ಲೇಟ್ ಕಂಡರೆ ಕೊನೆಯ ಎರಡು ಅಂಕಿ ಹೇಳುವುದು, ಬಾರದಿದ್ದರೆ ಸ್ವಲ್ಪ ಹೊತ್ತು ಒದ್ದಾಡಿ ಆಮೇಲೆ ನೋಡುವುದು. ಎರಡು ತಿಂಗಳಲ್ಲಿ ಆಗದ್ದು ಮೂರು ವಾರದಲ್ಲಿ ಆಯ್ತು.

ಯಾಕೆ ಹೀಗೆ ಅಂತ ಹುಡುಕಿದಾಗ ಗೊತ್ತಾಯ್ತು, ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ಸುಮಾರು 14 ಸಲ ಓದಿತು. ಇನ್ನೊಂದು ಗುಂಪು ಮೂರ್ನಾಲ್ಕು ಸಲ ಓದಿ, ಉಳಿದ ಹೊತ್ತಿನಲ್ಲಿ ಪಾಠ ನೋಡದೆ ನೆನಪಿಗೆ ಬಂದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಬರೀ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಬರೀ ಓದಿದವರಿಗೆ ಸುಮಾರು ಶೇಕಡಾ 40, ನೆನಪಿಸಿಕೊಂಡು ಬರೆದವರಿಗೆ ಸುಮಾರು 61. ಆದರೆ ತಮಗೆ ಜಾಸ್ತಿ ನೆನಪಿರುತ್ತದೆ ಅಂತ ನಂಬಿದ್ದವರು ಬರೀ ಓದಿದವರು! ನೀವು ಮೋಸ ಹೋಗುತ್ತಿರುವುದೂ ಇಲ್ಲೇ. ಐದನೇ ಸಲ ಓದುವಾಗ ಸಾಲುಗಳು ಪರಿಚಿತ ಅನಿಸುತ್ತವೆ, ಗೊತ್ತಿದೆ ಅಂತ ಪುಟ ತಿರುಗಿಸುತ್ತೀರಿ. ಪರೀಕ್ಷೆಯಲ್ಲಿ ಪುಸ್ತಕ ಎದುರಿಗಿರುವುದಿಲ್ಲ, ತಲೆಯಿಂದ ಎಳೆದು ತೆಗೆಯಬೇಕು, ಆ ಎಳೆಯುವ ಅಭ್ಯಾಸವನ್ನೇ ನೀವು ಒಂದು ದಿನವೂ ಮಾಡಿಲ್ಲ.

ಮರೆವಿನ ಬಗ್ಗೆ ಹೆದರಬೇಡಿ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ಆದರೆ ಪೂರ್ತಿ ಮರೆತ ಹಾಗಿದ್ದರೂ ಎರಡನೇ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕಾಯ್ತು. ಒಳಗೆ ಏನೋ ಉಳಿದಿತ್ತು. ಹಾಗಾಗಿ ಒಂದೇ ರಾತ್ರಿ ಐದು ಸಲ ಓದುವ ಬದಲು ನಾಳೆ, ಮೂರು ದಿನ ಬಿಟ್ಟು, ಆಮೇಲೆ ಒಂದು ವಾರ ಬಿಟ್ಟು ಅದೇ ಅಧ್ಯಾಯವನ್ನು ನೋಡದೆ ನೆನಪಿಸಿಕೊಳ್ಳಿ. ಸ್ವಲ್ಪ ಮರೆತು ಕಷ್ಟಪಟ್ಟು ನೆನಪಿಸಿಕೊಂಡದ್ದೇ ಗಟ್ಟಿಯಾಗಿ ನಿಲ್ಲುತ್ತದೆ.

ಸಂಬಳ ನಿಗದಿಯ ಲೆಕ್ಕಗಳ ನಿಯಮ ಗೊತ್ತು, ಲೆಕ್ಕ ಮಾತ್ರ ತಪ್ಪುತ್ತದೆ ಅಂದಿದ್ದೀರಿ. ಅದಕ್ಕೂ ಒಂದು ಕಾರಣ ಇದೆ. ಹೆನ್ರಿ ಮೊಲೈಸನ್ ಅನ್ನುವವರಿಗೆ 1953ರಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಆಯ್ತು, ಮಿದುಳಿನ ಎರಡೂ ಬದಿಯಲ್ಲಿ ಹೊಸ ನೆನಪು ಉಳಿಸಲು ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಭಾಗ ತೆಗೆದರು. ಆಮೇಲೆ ಅವರಿಗೆ ಹೊಸ ವಿಷಯ ನೆನಪಿನಲ್ಲಿ ಉಳಿಯುವುದೇ ನಿಂತುಹೋಯ್ತು. ಆದರೆ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ತಿದ್ದಲು ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು, ಹಿಂದಿನ ದಿನ ಮಾಡಿದ್ದೇ ನೆನಪಿಲ್ಲದಿದ್ದರೂ! ವಿಷಯ ತಿಳಿಯುವುದು ಬೇರೆ, ಕೈ ಪಳಗುವುದು ಬೇರೆ. ಲೆಕ್ಕವನ್ನು ಪೆನ್ನು ಹಿಡಿದು ಮಾಡಿ, ಓದಬೇಡಿ. ಒಂದೇ ಥರದ ಹತ್ತು ಲೆಕ್ಕ ಸಾಲಾಗಿ ಮಾಡುವುದೂ ಬೇಡ, ಬೇರೆ ಬೇರೆ ಥರದವನ್ನು ಬೆರೆಸಿ ಮಾಡಿ. ನನ್ನ ಅಂಕಿಗಳು ಸಾಲಿನಲ್ಲಿ ಬಂದು ಒಂಟಿಯಾಗಿ ಕೇಳಿದಾಗ ಬರುತ್ತಿರಲಿಲ್ಲವಲ್ಲ, ಹಾಗೆ.

ಇನ್ನು ರಾತ್ರಿ ಎರಡು ಗಂಟೆ. ದಯವಿಟ್ಟು ನಿಲ್ಲಿಸಿ. ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲೇ ಗಟ್ಟಿ ಮಾಡಿಕೊಳ್ಳುತ್ತದೆ, ನಿದ್ದೆ ಕಡಿಮೆಯಾದರೆ ಮರುದಿನ ಹೊಸದು ಹಿಡಿಯುವುದೂ ಕಷ್ಟ. ಹನ್ನೊಂದಕ್ಕೆ ಮಲಗಿ.

ಲೋಕಲ್‌ನಲ್ಲಿ ನಿಲ್ಲಲು ಜಾಗ ಸಿಕ್ಕರೆ ಸಾಕು, ಪುಸ್ತಕ ಬಿಡಿಸುವ ಅಗತ್ಯ ಇಲ್ಲ. ಕಲ್ಯಾಣದಿಂದ ಠಾಣೆಯವರೆಗೆ ನಿನ್ನೆಯ ಅಧ್ಯಾಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ, ಎಲ್ಲಿ ತಡವರಿಸಿದಿರೋ ಅದನ್ನು ಫೋನ್‌ನಲ್ಲಿ ಒಂದು ಪದ ಬರೆದಿಟ್ಟುಕೊಳ್ಳಿ. ಸಂಜೆ ಮನೆಗೆ ಬಂದು ಆ ಪದಗಳಿರುವ ಪುಟಗಳನ್ನಷ್ಟೇ ತೆರೆಯಿರಿ. ಮೊದಲ ವಾರ ಬಹಳ ಕಡಿಮೆ ನೆನಪಾಗುತ್ತದೆ, ಬೇಜಾರಾಗುತ್ತದೆ, ಆದರೂ ಬಿಡಬೇಡಿ. ಹತ್ತು ದಿನ ಮಾಡಿ ನೋಡಿ, ಹೇಗಾಯ್ತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.